ಖಾಲಿ ಬಾಟಲಿಯ ಪಕ್ಕದ ಮಂಚ

ಆ ಹೆಂಗಸಿನ ಮಂಚ ಕಿಟಕಿಯ ಪಕ್ಕದಲ್ಲಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಅಲ್ಲ. ಕಕ್ಕಸಿನ ಬಾಗಿಲ ಪಕ್ಕದಲ್ಲಿತ್ತು. ನನ್ನ ನೆನಪು ರೋಗಿಗಳನ್ನೆಲ್ಲ ಕಿಟಕಿಯ ಕಡೆಗೆ ಸರಿಸುತ್ತದೆ. ಮತ್ತೆ ಮತ್ತೆ ಎಳೆದು ಅವರವರ ಜಾಗಕ್ಕೆ ತರಬೇಕು.

ತೊಂಬತ್ತರ ದಶಕ. ತುಮಕೂರಿನ ಆಸ್ಪತ್ರೆಯೊಂದರ ಹೆಂಗಸರ ಜನರಲ್ ವಾರ್ಡಿನಲ್ಲಿ ನಾನು ನರ್ಸ್. ಖಿನ್ನತೆಯವರಿಗೆಂದು ಅಲ್ಲಿ ಬೇರೆ ವಾರ್ಡ್ ಇರಲಿಲ್ಲ. ಟೈಫಾಯ್ಡಿನವರ, ಸಕ್ಕರೆ ಕಾಯಿಲೆಯವರ ನಡುವೆಯೇ ಅವರನ್ನೂ ಮಲಗಿಸುತ್ತಿದ್ದೆವು. ವಾರ್ಡಿಗೆ ಅದರದೇ ಒಂದು ಕಾನೂನು: ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡವಳು ರೋಗಿ, ಹಾಕಿಸಿಕೊಳ್ಳದವಳು ಸೋಮಾರಿ. ಬಾಟಲಿ ತೊಟ್ಟಿಕ್ಕುತ್ತಿದ್ದರೆ ನೆಂಟರು ದನಿ ತಗ್ಗಿಸುತ್ತಿದ್ದರು.

ಆಕೆ ಕುಣಿಗಲ್ ತಾಲ್ಲೂಕಿನವಳು, ಹುತ್ರಿದುರ್ಗದ ಕಡೆಯ ಹಳ್ಳಿ. ಊಟ ಬಿಟ್ಟಿದ್ದಳು, ಮಾತು ಬಿಟ್ಟಿದ್ದಳು. ಕೊನೆಗೆ ಬಾವಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದವಳನ್ನು ಯಾರೋ ಎಳೆದು ತಂದು ನಮಗೊಪ್ಪಿಸಿದ್ದರು. ಡಾಕ್ಟರು ಮಾತ್ರೆ ಶುರುಮಾಡಿದರು. ಅದು ಹಿಡಿಯಲು ವಾರಗಳೇ ಬೇಕು, ಅಲ್ಲಿಯವರೆಗೆ ಇವಳನ್ನು ಒಂಟಿಯಾಗಿ ಬಿಡಕೂಡದು ಎಂದರು. ಉಳಿದವರು ಹೊಲಕ್ಕೆ ಹೋದರೆ ಮನೆಯಲ್ಲಿ ಹಗಲೆಲ್ಲ ಅವಳು ಒಬ್ಬಳೇ. ಬಾವಿ ಹಿತ್ತಲಲ್ಲೇ ಇತ್ತು.

ಮೊದಲು ಗ್ಲೂಕೋಸ್ ನಿಜವಾಗಿಯೂ ಬೇಕಿತ್ತು. ಗಂಜಿ ಕುಡಿಯತೊಡಗಿದ ಮೇಲೆ ಸೂಜಿ ತೆಗೆದೆವು. ಸ್ಟ್ಯಾಂಡನ್ನೂ ಖಾಲಿ ಬಾಟಲಿಯನ್ನೂ ಮಾತ್ರ ಮಂಚದ ಪಕ್ಕ ಹಾಗೇ ಬಿಟ್ಟೆವು. ನರ್ಸುಗಳೆಲ್ಲ ಬಳಸುತ್ತಿದ್ದ ಉಪಾಯ ಅದು. ಬಾಟಲಿ ಕಂಡರೆ ಅವಳನ್ನು ಯಾರೂ ಬೈಯುತ್ತಿರಲಿಲ್ಲ, ‘ಎದ್ದು ನೆಲದ ಮೇಲೆ ಮಲಕ್ಕೊ’ ಎನ್ನುತ್ತಿರಲಿಲ್ಲ. ಬೆಳಿಗ್ಗೆ ನಾನು ಅವಳ ತಲೆ ಬಾಚಿ ಜಡೆ ಹಾಕುತ್ತಿದ್ದೆ. ಬುದ್ಧಿ ಹೇಳುತ್ತಿರಲಿಲ್ಲ. ಬುದ್ಧಿ ಹೇಳುವವರು ವಾರ್ಡಿನ ತುಂಬ ಇದ್ದರು.

ಒಂದು ದಿನ ಅವಳ ಅತ್ತೆ ಚೀಲ ಹಿಡಿದು ಬಂದಳು. ಬಂದವಳೇ ಬಾಟಲಿ ನೋಡಿದಳು.

“ಬಾಟ್ಲು ಮುಗ್ದೈತೆ. ನಡಿಯಮ್ಮಿ, ಗುಣ ಆಯ್ತು. ಅಲ್ಲಿ ರೇಷ್ಮೆ ಹುಳ ಜ್ವರದಿಂದ ಎದ್ದವೆ, ಸೊಪ್ಪು ಕುಯ್ಯೋರಿಲ್ಲ.”

“ಇನ್ನೂ ಗುಣ ಆಗಿಲ್ಲ ಕಣಮ್ಮ,” ಎಂದೆ.

“ಮತ್ಯಾಕೆ ಖಾಲಿ ಬಾಟ್ಲು ನೇತಾಕಿದೀರಿ? ಒಣಗಾಕಕ್ಕಾ?”

ಪಕ್ಕದ ಮಂಚದಲ್ಲಿದ್ದ ಬೀಡಿ ಕಟ್ಟುವ ಹೆಂಗಸು, ಉಪ್ಪಾರಹಳ್ಳಿಯವಳು, ಎದ್ದು ಕೂತಳು. “ಅಜ್ಜಿ, ನೀನೇ ಬಂದು ಮಲಕ್ಕೊ. ನಿಂಗೆ ತುಂಬಿದ್ ಬಾಟ್ಲೇ ಹಾಕ್ತಾರೆ. ಬಾಯಾದ್ರೂ ಮುಚ್ತದೆ.”

ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಅದನ್ನು ಯಾರೂ ಮುಟ್ಟುವುದಿಲ್ಲ, ನಾಟಕ ಆಡುತ್ತಿದೆ ಎಂದು ಬೈಯುವುದಿಲ್ಲ. ‘ಹುಳಕ್ಕೆ ಕೊಡೋ ಮರ್ಯಾದೆ ಸೊಸೆಗೂ ಕೊಡಿ’ ಎಂದು ಆಗ ಹೇಳಿದೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಹೇಳಲಿಲ್ಲ. ಆ ಮಾತು ಹೊಳೆದದ್ದು ಸಂಜೆ ಗುಬ್ಬಿಗೆ ಹೋಗುವ ಬಸ್ಸಿನಲ್ಲಿ, ಯಾರಿಗೂ ಉಪಯೋಗವಿಲ್ಲದಾಗ. ಆಗ ಬಾಯಿಗೆ ಬಂದದ್ದು ಇಷ್ಟೇ: “ಕರ್ಕೊಂಡ್ ಹೋಗೋದಾದ್ರೆ ನನ್ನ ತುಳ್ಕೊಂಡ್ ಹೋಗಿ.” ಮಂಚಕ್ಕೂ ವಾರ್ಡಿನ ಬಾಗಿಲಿಗೂ ನಡುವೆ ಹೋಗಿ ನಿಂತೆ.

ಮುದುಕಿ ಸೊಸೆಯ ತೋಳು ಹಿಡಿದು ಎಳೆದಳು. ಸೊಸೆ ಇನ್ನೊಂದು ಕೈಯಲ್ಲಿ ಸ್ಟ್ಯಾಂಡಿನ ಕಂಬಿ ಹಿಡಿದಳು. ಬಾಟಲಿ ಕಳಚಿ ಬಿದ್ದು ಮಂಚದ ಕೆಳಗೆ ಉರುಳಿತು. ಸೊಸೆ ಕಂಬಿ ಬಿಡಲಿಲ್ಲ.

“ಬರಕ್ಕಿಲ್ಲ.”

ಅದನ್ನು ಹೇಳಿದ್ದು ಅವಳೋ ಬೀಡಿಯವಳೋ, ಈಗ ಪ್ರಮಾಣ ಮಾಡಲಾರೆ. ಎರಡು ದನಿಯಲ್ಲೂ ನನಗೆ ಅದು ಕೇಳಿಸುತ್ತದೆ. ಆದರೆ ಆ ಮುಷ್ಟಿಯ ಬಗ್ಗೆ ಅನುಮಾನವಿಲ್ಲ. ಗೆಣ್ಣುಗಳು ಬೆಳ್ಳಗಾಗಿದ್ದವು. ಅತ್ತೆ ಕೈಬಿಟ್ಟು, ನಮ್ಮೆಲ್ಲರ ವಂಶವನ್ನೂ ಬೈದು, ಚೀಲ ಎತ್ತಿಕೊಂಡು ಹೋದಳು.

ಮಾರನೆಯ ದಿನ ಸ್ಟ್ಯಾಂಡನ್ನು ನಾನೇ ತೆಗೆದಿಟ್ಟೆ. ಇನ್ನು ಸುಳ್ಳು ಬಾಟಲಿ ಬೇಡ. ಕೇಳಿದವರಿಗೆಲ್ಲ ಕಾಯಿಲೆಯ ಹೆಸರನ್ನೇ ಹೇಳಿದೆ. ವಾರ್ಡು ಗೊಣಗಿತು. ಅವಳು ಮಂಚ ಬಿಡಲಿಲ್ಲ, ನಾವು ಬಿಡಿಸಲಿಲ್ಲ.

ಅತ್ತೆ ಮತ್ತೆ ಬಂದಾಗ ಮಾತ್ರೆ ಅಷ್ಟಿಷ್ಟು ಹಿಡಿದಿತ್ತು. “ಬಾಟ್ಲೇ ಇಲ್ದೆ ಮಲಗ್ಸೋದು ಎಂಥಾ ಆಸ್ಪತ್ರೆ?”

“ಇಂಥಾ ಆಸ್ಪತ್ರೆ,” ಎಂದೆ.

ಸೊಸೆ ಗೋಡೆಗೊರಗಿ ಕೂತು ನಾನು ಬೆಳಿಗ್ಗೆ ಹಾಕಿದ ಜಡೆ ಬಿಚ್ಚುತ್ತಿದ್ದಳು. ಯಾಕೆ ಎಂದು ಕೇಳಿದೆ.

“ನೀವು ಬಲೇ ಬಿಗೀತೀರಿ ಸಿಸ್ಟ್ರೇ,” ಎಂದಳು. “ನೋಯ್ತದೆ. ನಾನೇ ಹಾಕ್ಕೋತೀನಿ ಬುಡಿ.”