ಗಂಗವ್ವನ ಬಾಜೂಕ ಕುಂತಾಕಿ

ನಾನು ಅಣ್ಣಿಗೇರಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವವಳು. ದೆವ್ವ, ಗಾಳಿ, ಸತ್ತವರು ಬಂದು ಮಾತಾಡಿಸಿದರು ಎಂಬಂಥ ಸುದ್ದಿ ಯಾರಾದರೂ ತೆಗೆದರೆ ನಕ್ಕುಬಿಡುತ್ತಿದ್ದೆ. ಒಮ್ಮೆ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬ ಅಕ್ಕೋರು ತಮ್ಮ ಹಿತ್ತಲಿನಲ್ಲಿ ಯಾರೋ ಬಳೆ ಸದ್ದು ಮಾಡುತ್ತ ಅಡ್ಡಾಡುತ್ತಾರೆ ಎಂದಾಗ, "ಇಲಿಗೆ ಬಳಿ ತೊಡಸೀರೇನ್ರಿ?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದೆ. ಆಮೇಲೆ ಅವರು ನನ್ನೆದುರು ಆ ಮಾತು ಎತ್ತಲೇ ಇಲ್ಲ. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಸಂಕೋಚವಾದದ್ದು ಅದಕ್ಕೇ. ನೀವು ನಂಬಿ ಎಂದು ನಾನು ಹೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ನಮ್ಮ ಅತ್ತೆ ಸರಕಾರಿ ದವಾಖಾನೆಯಲ್ಲಿ ನರ್ಸಬಾಯಿ ಆಗಿ ನಿವೃತ್ತಿಯಾದವರು. ಅವರಿಗೆ ಸಮುದ್ರದ ಮೇಲೆ ಹೋಗಬೇಕೆಂಬ ಆಸೆ ಬಹಳ ದಿನದ್ದು. ಹುಬ್ಬಳ್ಳಿಯ ಒಬ್ಬ ಪ್ರವಾಸದ ಏಜೆಂಟ ಅರವತ್ತು ದಾಟಿದವರಿಗೆಂದೇ ಹಡಗಿನ ಪ್ರವಾಸ ಹೊರಡಿಸಿದ್ದ. ಮುಂಬಯಿಯಿಂದ ಕೊಚ್ಚಿಯವರೆಗೆ, ನಡುವೆ ಒಂದು ದ್ವೀಪ. ಅತ್ತೆ ಹೆಸರು ಹಚ್ಚಿದ ಮೇಲೆ ಅವರ ಮೊಣಕಾಲಿನ ಆಪರೇಶನ್ ಆಯಿತು. ಯಾರಾದರೂ ಜೊತೆಗಿದ್ದರೆ ಹೋಗಬಹುದು ಎಂದರು ಡಾಕ್ಟರು. ನನ್ನ ಗಂಡನಿಗೆ ಕಡಲೆ ಒಕ್ಕುವ ದಿನಗಳು. ಉಳಿದವಳು ನಾನು. ಆದರೆ ನನ್ನ ಮಗಳು ಸಿರಿಗೆ ಆಗ ನಾಲ್ಕೂವರೆ, ಮಗ ಅಭಿಗೆ ಎರಡೂ ತುಂಬಿರಲಿಲ್ಲ, ಇನ್ನೂ ಹಾಲು ಕುಡಿಯುತ್ತಿದ್ದ. "ಮುದುಕರ ಹಡಗಿನ್ಯಾಗ ಇವನ್ನ ಹೆಂಗ ಕರಕೊಂಡ್ ಹೋಗೂದ್ರಿ?" ಎಂದೆ. "ಸಮುದ್ರೇನ್ ವಯಸ್ಸು ಕೇಳತೈತೇನವಾ? ಕರಕೊಂಡ್ ನಡಿ," ಎಂದರು ಅತ್ತೆ. ಏಜೆಂಟ ಮೊದಲು ಗೊಣಗಿದ, ಆಮೇಲೆ ಒಪ್ಪಿದ.

ಹಡಗು ಹತ್ತಿದ ದಿನವೇ ತಪ್ಪು ಮಾಡಿದೆನೇನೋ ಅನಿಸಿತು. ಅಲ್ಲಿ ಎಲ್ಲವೂ ಹಿರಿಯರಿಗಾಗಿಯೇ ಇತ್ತು. ಸಂಜೆ ಆರೂವರೆಗೆ ಊಟ, ಅದರಲ್ಲಿ ಖಾರವಿಲ್ಲ. ಎಲ್ಲ ಗೋಡೆಗೂ ಹಿಡಿದುಕೊಳ್ಳಲು ಕಂಬಿ. ಬೆಳಿಗ್ಗೆ ಕುರ್ಚಿಯಲ್ಲಿ ಕುಳಿತೇ ಮಾಡುವ ವ್ಯಾಯಾಮ, ಸಂಜೆ ಭಜನೆ, ದೊಡ್ಡ ದೊಡ್ಡ ಅಂಕಿ ಬರೆದ ತಂಬೋಲಾ ಚೀಟಿ. ಈಜುಕೊಳದಲ್ಲಿ ನೀರೇ ಇರಲಿಲ್ಲ. ಊಟದ ಹಾಲಿನಲ್ಲಿ ಅಭಿ ಚಮಚ ಬಡಿದಾಗ ಒಬ್ಬ ಮುದುಕರು ಕಿವಿಯ ಮಿಷನ್ನು ತೆಗೆದು ಜೇಬಿಗೆ ಹಾಕಿಕೊಂಡು ನನ್ನನ್ನೇ ನೋಡಿದರು. ನಾನು ತಲೆ ತಗ್ಗಿಸಿ ಉಂಡೆ.

ಮರುದಿನ ಎಲ್ಲ ಬದಲಾಯಿತು. ಬೆಳಿಗ್ಗೆ ಸಿರಿ ಯಾರದೋ ವಾಕರ್ ಹಿಡಿದುಕೊಂಡು ಅಜ್ಜಿಯ ಹಾಗೆ ಸೊಂಟ ಬಗ್ಗಿಸಿ ನಡೆದಳು, ನೋಡಿದವರೆಲ್ಲ ನಕ್ಕರು. ಮಧ್ಯಾಹ್ನದ ಹೊತ್ತಿಗೆ ಅಭಿ ಹತ್ತು ಜನರ ತೊಡೆ ದಾಟಿ ಬಂದಿದ್ದ. ಅದೇ ಕಿವಿ ಮಿಷನ್ನಿನ ಮುದುಕರು ಅವನಿಗೆ ಬಾಳೆಹಣ್ಣು ಸುಲಿದು ತಿನ್ನಿಸುತ್ತಿದ್ದರು. ಅವರೆಲ್ಲ ನನ್ನ ಮಕ್ಕಳನ್ನು ಎತ್ತಿಕೊಂಡಾಗ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಯಾರ್ಯಾರು ಯಾರ್ಯಾರನ್ನು ನೆನೆಯುತ್ತಿದ್ದರೋ. ನಾನು ಕೇಳಲಿಲ್ಲ.

ಗಂಗವ್ವನನ್ನು ನಾನು ನೋಡಿದ್ದು ಆ ಮಧ್ಯಾಹ್ನ. ಮೇಲಿನ ಡೆಕ್ಕಿನ ಹಿಂಭಾಗದಲ್ಲಿ ಮೂರು ಬೆತ್ತದ ಕುರ್ಚಿ ಇದ್ದವು. ನಡುವಿನದರಲ್ಲಿ ಆಕೆ ಇಳಕಲ್ ಸೀರೆಯ ಸೆರಗು ಹೊದ್ದು ಕುಳಿತಿದ್ದಳು. ಆಕೆಯ ಗಂಡ ದುಮ್ಮವಾಡದವರು, ಅಂಚೆ ಹಂಚಿ ನಿವೃತ್ತಿಯಾದವರು. ನಾನು ಅವರನ್ನು ಕಾಕಾ ಎಂದೇ ಕರೆಯತೊಡಗಿದೆ. ಗಂಗವ್ವನಿಗೆ ಮರೆವು ಬಡಿದು ಎರಡು ವರ್ಷವಾಗಿತ್ತು. ಆಗಿನಿಂದ ಆಕೆ ಒಂದು ಮಾತೂ ಆಡಿರಲಿಲ್ಲವಂತೆ. "ಊಟ ಮಾಡ್ತಾಳ, ನಡೀತಾಳ. ನಾ ಯಾರಂತ ಗೊತ್ತಿಲ್ಲ," ಎಂದರು ಕಾಕಾ. "ಹೊಸಾ ಜಾಗಾ ನೋಡಿದರ ಏನರ ಅಂದಾಳು ಅಂತ ಕರಕೊಂಡ್ ಬಂದೆ."

ನಾವು ಮಾತಾಡುವಾಗಲೇ ಸಿರಿ ಹೋಗಿ ಗಂಗವ್ವನ ಎಡಗಡೆಯ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕುಳಿತಳು. ಸ್ವಲ್ಪ ಹೊತ್ತಾಗಿತ್ತು. ಗಂಗವ್ವ ತಿಳಿಯಾದ ದನಿಯಲ್ಲಿ, "ನೀಲಾ, ಬಿಸಲಾಗ ನಿಂದರಬ್ಯಾಡ. ಬಾ ಇತ್ತಾಗ," ಎಂದಳು. ಕಾಕಾ ಕೈಯಲ್ಲಿದ್ದ ಚಹಾದ ಕಪ್ಪನ್ನು ಹಾಗೇ ಹಿಡಿದು ನಿಂತರು. ಚಹಾ ಅವರ ಅಂಗಿಯ ಮೇಲೆ ಚೆಲ್ಲುತ್ತಿದ್ದದ್ದು ಅವರಿಗೆ ತಿಳಿಯಲಿಲ್ಲ.

ನೀಲಾ ಯಾರು ಎಂದು ಅವರಿಗೂ ಗೊತ್ತಿರಲಿಲ್ಲ. ಅವರಿಗೆ ಹೆಣ್ಣುಮಕ್ಕಳಿಲ್ಲ. ಬಮ್ಮಿಗಟ್ಟಿಯ ತವರಿನಲ್ಲಿ ಗಂಗವ್ವ ಒಬ್ಬಳೇ ಮಗಳು. ಆದರೆ ಹೆಸರು ಯಾರದಾದರೇನು, ಹೆಂಡತಿ ಮಾತಾಡಿದ್ದಳಲ್ಲ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ತಂಗೀ, ಇಳಿಯೂಮಟ ದಿನಾ ಒಂದ ತಾಸು ಈ ಕೂಸನ್ನ ಇಕಿ ಹತ್ರ ಕುಂದರಸ್ತಿಯೇನವಾ?" ನಾನು ಆಗಲಿ ಎಂದೆ.

ಆ ಸಂಜೆ ಸಿರಿ ನನ್ನ ತಾಟಿನಿಂದ ಇನ್ನೊಂದು ಲಡ್ಡು ತೆಗೆದಳು. ನೀಲಾಗೆ ಬೇಕು ಎಂದಳು. "ಆ ಆಯಿ ನಿನ್ನನ್ನ ನೀಲಾ ಅಂತಾರಲ್ಲ?" ಎಂದು ಕೇಳಿದೆ.

"ನನಗಲ್ಲ," ಎಂದಳು ಸಿರಿ. "ನೀಲಾ ಆ ಕಡಿ ಬಾಜೂಕ ಕುಂದರ್ತಾಳ."

ಆ ಕಡೆಯ ಕುರ್ಚಿ ಖಾಲಿ ಇತ್ತು. ಮಕ್ಕಳು ಇಲ್ಲದ ಗೆಳತಿಯರನ್ನು ಕಟ್ಟಿಕೊಳ್ಳುವುದು ಹೊಸದಲ್ಲ. ನಾನು ಅತ್ತೆಗೆ ಹೇಳಿ ನಕ್ಕೆ. ಅತ್ತೆ ನಗಲಿಲ್ಲ.

ಮೂರನೆಯ ದಿನ ನಾನು ಅಭಿಯ ಚಡ್ಡಿ ಬದಲಿಸಲು ಎರಡು ನಿಮಿಷ ಆಚೆ ಹೋಗಿದ್ದೆ. ಬಂದು ನೋಡಿದರೆ ಸಿರಿ ಡೆಕ್ಕಿನ ಕಟಾಂಜನದ ಕೆಳಗಿನ ಕಂಬಿಯ ಮೇಲೆ ಎರಡೂ ಕಾಲಿಟ್ಟು ನಿಂತು, ಹೊರಗೆ ಬಾಗಿದ್ದಳು. ಕೆಳಗೆ ಸಮುದ್ರ. ಓಡಿಹೋಗಿ ಸೊಂಟ ಹಿಡಿದು ಎಳೆದುಕೊಂಡೆ. "ನೀಲಾ ಮೀನ ತೋರಸಾಕ ಕರದ್ಲು," ಎಂದಳು. ನಾನು ಮಗಳನ್ನು ಹೊಡೆದದ್ದು ಅದೇ ಮೊದಲು, ಅದೇ ಕೊನೆ. ಗಂಗವ್ವ ತನ್ನ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದಳು. ಕಾಕಾ ಔಷಧ ತರಲು ಕೆಳಗೆ ಹೋಗಿದ್ದರು. ತಪ್ಪು ಯಾರದೂ ಅಲ್ಲ, ನನ್ನದೇ. ಆದರೂ ಆ ಮೂರು ಕುರ್ಚಿಗಳ ಕಡೆ ಮಗಳನ್ನು ಮತ್ತೆ ಬಿಡಬಾರದು ಅನಿಸಿತು.

ನಾಲ್ಕನೆಯ ದಿನ, ಅಂದರೆ ಹಡಗಿನ ಮೇಲಿನ ಕೊನೆಯ ಮಧ್ಯಾಹ್ನ, ನಾನು ಸಿರಿಯನ್ನು ಕಳಿಸಲಿಲ್ಲ. ಕಾಕಾಗೆ ಹೇಳಿ ಕಳಿಸುವ ಧೈರ್ಯವೂ ಆಗಲಿಲ್ಲ. ಊಟವಾದ ಮೇಲೆ ಎರಡೂ ಮಕ್ಕಳನ್ನು ಕ್ಯಾಬಿನ್ನಿಗೆ ಕರೆತಂದು ಒಳಗಿನಿಂದ ಚಿಲಕ ಹಾಕಿದೆ. ಅತ್ತೆ ಬಾಗಿಲ ಪಕ್ಕದ ಮಂಚದಲ್ಲಿ ಪುಸ್ತಕ ಓದುತ್ತಿದ್ದರು. ನಾನು ಮಕ್ಕಳ ನಡುವೆ ಮಲಗಿ ಎರಡೂ ಕಡೆ ಕೈ ಹಾಕಿಕೊಂಡೆ. ಅವು ನಿದ್ದೆ ಹೋದವು. ನನಗೆ ನಿದ್ದೆ ಹತ್ತಲಿಲ್ಲ. ಮೇಲೆ ಒಬ್ಬ ಮುದುಕಿ ದಾರಿ ನೋಡುತ್ತಿದ್ದಾಳೆ ಎಂಬುದೊಂದೇ ತಲೆಯಲ್ಲಿ. ಮೂರು ಗಂಟೆಯಿಂದ ಐದರವರೆಗೆ ನನ್ನ ಕೈ ಮಗಳ ಹೊಟ್ಟೆಯ ಮೇಲೆ ಏರುತ್ತ ಇಳಿಯುತ್ತ ಇತ್ತು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ಐದೂಕಾಲಿಗೆ ಬಾಗಿಲು ಬಡಿದ ಸದ್ದಾಯಿತು. ಚಿಲಕ ತೆಗೆದರೆ ಕಾಕಾ ನಿಂತಿದ್ದರು. ಅವರ ಕಣ್ಣು ಕೆಂಪಗಾಗಿದ್ದವು, ಮುಖ ಮಾತ್ರ ಅರಳಿತ್ತು. ಕ್ಷಮೆ ಕೇಳಬೇಕೆಂದು ನಾನು ಬಾಯಿ ತೆರೆಯುವ ಮೊದಲೇ ಅವರು ಕೈ ಮುಗಿದರು.

"ಇವತ್ತ ಭಾಳ ಉಪಕಾರ ಆತು ತಂಗೀ. ಪೂರಾ ಒಂದ ತಾಸು ಮಾತಾಡಿದ್ಲು ನೋಡವಾ. ಕೆರಿ ದಂಡಿ ಅಂತ, ಕವಳಿ ಹಣ್ಣಂತ, ಏನೇನೋ ನೆನಪ ಮಾಡ್ಕೊಂಡು ನಕ್ಕಳು. ನಾ ಹತ್ರ ಹೋಗ್ಲಿಲ್ಲ, ನನ್ನ ನೋಡಿ ಮಾತ ನಿಲ್ಲಿಸ್ಯಾಳು ಅಂತ ದೂರ ಕುಂತಿದ್ದೆ. ಕೂಸನ್ನ ಮುಂದ ಕುಂದರಿಸಿಕೊಂಡು ಎರಡು ಜಡಿ ಹಾಕಿದ್ಲು. ಕೈ ಮರತಿಲ್ಲ ನೋಡು."

ಅಷ್ಟರಲ್ಲಿ ಸಿರಿ ನಿದ್ದೆಗಣ್ಣಿನಲ್ಲಿ ಎದ್ದು ಬಂದು ನನ್ನ ಸೀರೆ ಹಿಡಿದು ನಿಂತಳು. ಹೇನು ಆಗಿದ್ದವೆಂದು ಹಡಗು ಹತ್ತುವ ವಾರದ ಮುಂಚೆ ಅವಳ ಕೂದಲನ್ನು ನಾನೇ ಹುಡುಗರ ಹಾಗೆ ಕತ್ತರಿಸಿಹಾಕಿದ್ದೆ. ಜಡೆ ಇರಲಿ, ಒಂದು ಪಿನ್ನೂ ನಿಲ್ಲದಷ್ಟು ಗಿಡ್ಡ. ಕಾಕಾ ಆ ತಲೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಅತ್ತೆ ಪುಸ್ತಕ ಕೆಳಗಿಟ್ಟು ಎದ್ದು ಕುಳಿತರು.

"ಇಕಿ ಈಗ ಬಂದ್ಲೇನು ಕೆಳಗ?" ಎಂದು ಕೇಳಿದರು ಕಾಕಾ.

"ಊಟ ಆದಾಗಿಂದ ಇಲ್ಲೇ ಮಲಗ್ಯಾಳ್ರಿ," ಎಂದರು ಅತ್ತೆ. ನಾನು ಹೇಳುತ್ತಿರಲಿಲ್ಲವೇನೋ. ಅವರು ಹೇಳಿಬಿಟ್ಟರು.

ಕಾಕಾ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಅಕಿ ಪರಕಾರ ಹಾಕ್ಕೊಂಡಿದ್ಲು," ಎಂದರು, ತಮಗೆ ತಾವೇ ಹೇಳಿಕೊಂಡಂತೆ. ಸಿರಿಯ ಬಟ್ಟೆಗಳಲ್ಲಿ ಲಂಗವೇ ಇರಲಿಲ್ಲ, ನಾಲ್ಕು ಫ್ರಾಕು ಅಷ್ಟೇ. ಅವರು ತಿರುಗಿ ಹೊರಟುಹೋದರು.

ನಾನು ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಮೇಲೆ ಹೋದೆ. ದಾರಿಯಲ್ಲಿ ಕೌಂಟರಿನ ಹುಡುಗಿಯನ್ನು ಕೇಳಿದೆ, ಈ ಹಡಗಿನಲ್ಲಿ ಬೇರೆ ಮಕ್ಕಳಿದ್ದಾರೆಯೇ ಎಂದು. ಆಕೆ ಪಟ್ಟಿ ನೋಡುವ ಗೋಜಿಗೂ ಹೋಗದೆ ನಿಮ್ಮವೆರಡೇ ಎಂದಳು. ಡೆಕ್ಕಿನಲ್ಲಿ ಬಿಸಿಲು ಇಳಿದಿತ್ತು. ಗಂಗವ್ವ ನಡುವಿನ ಕುರ್ಚಿಯಲ್ಲಿದ್ದಳು, ಎರಡೂ ಕಡೆ ಯಾರೂ ಇರಲಿಲ್ಲ. ನಾನು ಹತ್ತಿರ ಹೋಗಿ ನೆಲದ ಮೇಲೆ ಕುಳಿತೆ. ಆಕೆ ನನ್ನ ಕಡೆ ತಿರುಗಿ, ದಿನಾ ನೋಡುವ ನೆರೆಯವಳಿಗೆ ಹೇಳಿದಂತೆ ಹೇಳಿದಳು: "ಹೋದ್ಲು. ಸಂಜಿ ಆತಲ್ಲ."

ನನಗೆ ಹೆದರಿಕೆಯಾಗಲಿಲ್ಲ, ಅದೇ ಈಗ ಆಶ್ಚರ್ಯ. ಅಳು ಬಂತು. ಯಾರಿಗಾಗಿ ಎಂದು ತಿಳಿಯದೆ ಅತ್ತುಬಿಟ್ಟೆ. ಆಕೆ ನನ್ನ ತಲೆಯ ಮೇಲೆ ಕೈ ಇಟ್ಟು ಸಮುದ್ರ ನೋಡುತ್ತ ಕುಳಿತಳು.

ಮರುದಿನ ಕೊಚ್ಚಿಯಲ್ಲಿ ಇಳಿದೆವು. ಗಂಗವ್ವ ಮತ್ತೆಂದೂ ಮಾತಾಡಲಿಲ್ಲವಂತೆ. ಮರುವರ್ಷದ ಮಳೆಗಾಲದಲ್ಲಿ ತೀರಿಕೊಂಡಳು. ಕೆಲವು ತಿಂಗಳ ಮೇಲೆ ಕಾಕಾ ಬಸ್ಸು ಹಿಡಿದು ಅಣ್ಣಿಗೇರಿಗೆ ನಮ್ಮನೆಗೆ ಬಂದರು. ಬಮ್ಮಿಗಟ್ಟಿಗೆ ಮೂರು ಸಲ ಹೋಗಿದ್ದರಂತೆ. ಆ ಓಣಿಯಲ್ಲಿ ಅಷ್ಟು ಹಳಬರು ಯಾರೂ ಉಳಿದಿಲ್ಲ. ಹಾಸಿಗೆ ಹಿಡಿದ ಒಬ್ಬ ಮುದುಕಿ ಮಾತ್ರ, ನೀಲಾ ಅಂತ ಒಬ್ಬಾಕಿ ಇದ್ದಿರಬೇಕು ಎಂದಳಂತೆ. ಮತ್ತೊಮ್ಮೆ ಕೇಳಿದರೆ, ಇಲ್ಲ ಬಿಡು, ಅದು ಬೇರೆ ಊರಿನ ಮಾತು ಎಂದಳಂತೆ. ಸಿರಿಯನ್ನು ಕೇಳಿದರು. ಅವಳಿಗೆ ಆಗಲೇ ಹಡಗಿನದು ಏನೂ ನೆನಪಿರಲಿಲ್ಲ. ಅಜ್ಜನನ್ನು ಒಮ್ಮೆ ನೋಡಿ ಮತ್ತೆ ಮಗ್ಗಿ ಬರೆಯತೊಡಗಿದಳು.

ಕಾಕಾಗೆ ದೂರದಿಂದ ಕಣ್ಣು ಮೋಸ ಮಾಡಿರಬಹುದು. ಎರಡು ವರ್ಷ ಹೆಂಡತಿಯ ಮಾತಿಗಾಗಿ ಹಂಬಲಿಸಿದವನಿಗೆ ಬೇಕಾದದ್ದು ಕಂಡಿರಬಹುದು. ತರಗತಿಯಲ್ಲಿ ಯಾರಾದರೂ ಕೇಳಿದರೆ ನಾನು ಹೀಗೆಯೇ ಹೇಳುತ್ತೇನೆ. ಆದರೆ ನನ್ನ ಮಗಳಿಗೆ ಆ ಹುಡುಗಿ ಎರಡು ದಿನ ಮೊದಲೇ ಕಂಡಿದ್ದಳು. ಇಲ್ಲಿಗೆ ಬಂದರೆ ನನ್ನ ಲೆಕ್ಕ ನಿಂತುಹೋಗುತ್ತದೆ.

ಬಸ್‌ಸ್ಟ್ಯಾಂಡಿನವರೆಗೆ ಕಾಕಾರನ್ನು ಕಳಿಸಲು ಹೋದೆ. ಹುಬ್ಬಳ್ಳಿ ಗಾಡಿ ತಡವಾಗಿತ್ತು. ಇಬ್ಬರೂ ಕಟ್ಟೆಯ ಮೇಲೆ ಕುಳಿತೆವು.

"ಐವತ್ತ ವರ್ಷದ ಮ್ಯಾಲೆ ಸಂಸಾರ ಮಾಡಿದ್ವಿ," ಎಂದರು ಕಾಕಾ. "ಒಂದ ದಿನಾನೂ ಆ ಹೆಸರು ನನ್ನ ಮುಂದ ತಗೀಲಿಲ್ಲ. ನಾನೂ ಎಂದೂ ಕೇಳ್ಲಿಲ್ಲ, ಸಣ್ಣಾಕಿದ್ದಾಗ ನೀ ಯಾರ ಜೋಡಿ ಆಡ್ತಿದ್ದಿ ಅಂತ. ಅಷ್ಟ ಕೇಳಿದ್ದರ ಹೇಳ್ತಿದ್ಲೇನ ತಂಗೀ?"

ಗಾಡಿ ಬಂತು. ಅವರ ಚೀಲ ಎತ್ತಿ ಕೊಟ್ಟೆ. ಕಿಟಕಿಯ ಪಕ್ಕ ಕುಳಿತು ಅವರು ನನ್ನನ್ನೇ ನೋಡುತ್ತಿದ್ದರು, ಗಾಡಿ ತಿರುಗುವವರೆಗೂ ನೋಡುತ್ತಿದ್ದರು. ಹೌದೆನ್ನಬೇಕಿತ್ತೋ, ಇಲ್ಲವೆನ್ನಬೇಕಿತ್ತೋ ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.