ಮೂರು ಬೆರಳಗಲ ತೊಗಟೆ

ನಮ್ಮತ್ತೆ ಹೂವಮ್ಮ ಹೊಸನಗರದ ಸುತ್ತಮುತ್ತ ಮಾವಿನ ಕಸಿ ಕಟ್ಟುವುದರಲ್ಲಿ ಹೆಸರು ಮಾಡಿದವರು. ಹಾವು ಕಂಡರೆ "ಅತ್ಲಾಗೆ ಹೋಗು ಮಾರಾಯ" ಎಂದು ಗದರಿಸಿ ಕೆಲಸ ಮುಂದುವರಿಸುವ ಹೆಂಗಸು. ಅವರು ಹೆದರಿದ್ದನ್ನು ನಾನು ನೋಡಿದ್ದು ಹೋದ ವರ್ಷ, ಅದೂ ಹೂವು ಕಂಡು.

ಹಿತ್ತಲಿನ ಅಪ್ಪೆಮಿಡಿ ಮರ ಎಂದೂ ಇಲ್ಲದಷ್ಟು ಹೂ ಬಿಟ್ಟಿತ್ತು. ಹಳ್ಳದ ದಂಡೆಯಿಂದ ಸಸಿಯಾಗಿ ಕಿತ್ತು ತಂದ ಮರ. ಉಪ್ಪಿನಕಾಯಿಗೆ ಅಂಥ ಪರಿಮಳದ ಮಿಡಿ ಬೇರೆಲ್ಲೂ ಇಲ್ಲ. ಇದರ ಕಡ್ಡಿಯನ್ನು ಬೇರೆ ಸಸಿಗೆ ಎಷ್ಟು ಸಲ ಕಟ್ಟಿದರೂ ಕಸಿ ಹತ್ತಿರಲಿಲ್ಲ. ಇದು ಹೋದರೆ ಆ ಜಾತಿಯೇ ಹೋದಂತೆ.

ನೋಡಿದವರೆಲ್ಲ ಹೊಗಳುತ್ತಿದ್ದರು. ಅತ್ತೆ ಮಾತ್ರ "ಸಾಯೋ ಮರ ಹೀಗೆ ಹೂ ಬಿಡ್ತದೆ" ಎಂದು ಅನುಮಾನಪಟ್ಟು, ಯಾರೋ ಬುಡಕ್ಕೆ ಸುತ್ತಿದ್ದ ಗೋಣಿ ಬಿಚ್ಚಿದರು. ಕಾಂಡದ ಸುತ್ತ ಮೂರು ಬೆರಳಗಲ ತೊಗಟೆಯೇ ಇರಲಿಲ್ಲ. ಗಾಯದ ಮೇಲಂಚು ಊದಿಕೊಂಡಿತ್ತು.

ಮಾವ ಬೆಳ್ಳಪ್ಪ ಬಾಯಿ ಬಿಟ್ಟರು. "ಮೊಬೈಲಲ್ಲಿ ತೋರ್ಸಿದ್ರು ಮಾರಾಯ್ತಿ, ಉಂಗುರದ ಹಾಗೆ ತೊಗಟೆ ತೆಗೆದ್ರೆ ಮಿಡಿ ಜಾಸ್ತಿ ಬರ್ತದೆ ಅಂತ."

"ಅದು ಒಂದು ಕೊಂಬೆಗೆ! ನೀವು ಬುಡಕ್ಕೇ ಮಾಡಿದ್ರಾ? ಎಲೆ ಮಾಡಿದ ಸಿಹಿ ಬೇರಿಗೆ ಇಳಿಯೋದು ತೊಗಟೇಲಿ. ನೀರು ಒಳಗಿನ ಮರದಲ್ಲಿ ಏರ್ತದೆ, ಅದಕ್ಕೇ ಮೇಲೆ ಹಸಿರು. ಕೆಳಗೆ ಬೇರು ಉಪವಾಸ ಬಿದ್ದದೆ."

ಅರ್ಧ ಕೇಳಿ ಪೂರ್ತಿ ಮಾಡುವ ಚಾಳಿ ಮಾವನಿಗೆ ಮೊದಲಿನಿಂದಲೂ ಇದೆ. ಅವತ್ತು ಮಾತ್ರ ನನಗೆ ನಗು ಬರಲಿಲ್ಲ.

ಅತ್ತೆ ಅದೇ ಮರದ ಏಳು ಕಡ್ಡಿ ಕುಯ್ದರು. ಗಾಯದ ಮೇಲೂ ಕೆಳಗೂ ತೊಗಟೆ ಸೀಳಿ, ಕಡ್ಡಿಯ ಎರಡು ತುದಿಗಳನ್ನು ಸಿಕ್ಕಿಸಿ, ಸಿಹಿ ಕೆಳಗಿಳಿಯಲು ಸೇತುವೆ ಕಟ್ಟಬೇಕು. ಅತ್ತೆ ಚಾಕುವನ್ನು ನನ್ನ ಕೈಗಿಟ್ಟರು.

"ಸೌಜನ್ಯಾ, ನೀನೇ ಕೂರ್ಸು. ನಂಗೆ ಹೆದ್ರಿಕೆ ಆಗ್ತದೆ."

ಅವರಿಂದಲೇ ಕಸಿ ಕಲಿತಿದ್ದ ನಾನು ಬುಡದಲ್ಲಿ ಕೂತೆ. ತುದಿ ಬುಡ ಅದಲುಬದಲಾದರೆ ಕಡ್ಡಿ ಸತ್ತಂತೆಯೇ. ಏಳನ್ನೂ ಕೂರಿಸಿ, ಮೇಣ ಮೆತ್ತಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿದೆ. ಬೇರಿಗೆ ಸೇರಬೇಕಾದ ಸಿಹಿಯನ್ನು ಮಿಡಿ ತಿನ್ನಬಾರದೆಂದು ಅತ್ತೆ ಮಾವನನ್ನು ಏಣಿ ಹತ್ತಿಸಿ ಹೂವೆಲ್ಲ ಮುರಿಸಿದರು.

ಆಮೇಲೆ ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಅತ್ತೆ ಮರದ ಬುಡದಲ್ಲಿ. ಉದುರಿದ ಎಲೆಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು.

ಮಳೆಗಾಲ ಕಳೆದು ಪಟ್ಟಿ ಬಿಚ್ಚಿದೆವು. ಐದು ಕಡ್ಡಿ ಒಣಗಿದ್ದವು. ಎರಡು ಹಸಿರಾಗಿ, ಹೆಬ್ಬೆರಳಷ್ಟು ದಪ್ಪವಾಗಿದ್ದವು.

"ಬದುಕ್ತದಾ?" ಮಾವ ಕೇಳಿದರು.

"ಇಷ್ಟು ದೊಡ್ಡ ಮರಕ್ಕೆ ಎರಡೇ ದಾರಿ. ನಂಗೆ ಗೊತ್ತಿಲ್ಲ."

ಉಪ್ಪಿನಕಾಯಿ ಇಲ್ಲದೆ ಅನ್ನ ಮುಟ್ಟದ ಮನುಷ್ಯ ತಲೆ ತಗ್ಗಿಸಿ, "ಮುಂದಿನ ವರ್ಷಾನೂ ಹೂ ನಾನೇ ಮುರೀತೀನಿ" ಎಂದರು. ಅಷ್ಟು ತಿಂಗಳಿಂದ ತಡೆದುಕೊಂಡಿದ್ದ ಅತ್ತೆ ಅಲ್ಲೇ ಕೂತು ಅತ್ತುಬಿಟ್ಟರು.