ಹುಳದ ಮನೆಯಲ್ಲಿ ಅಡಗಿದ ಚಿಕ್ಕಪ್ಪ

ಕೋಲಾರದ ಒಂದು ಆಸ್ಪತ್ರೆಯಲ್ಲಿ ಫಿನಾಯಿಲ್ ವಾಸನೆ ಕುಡಿಯುತ್ತಾ ಕೂತಿದ್ದೇನೆ. ಜೊತೆಗೆ ಚಿಕ್ಕಪ್ಪ, ಚಿಕ್ಕಮ್ಮ. ಚಿಕ್ಕಪ್ಪನ ಮಂಡಿಗೆ ಒಂದು ರೂಮು, ಕಣ್ಣಿಗೆ ಇನ್ನೊಂದು, ಹರ್ನಿಯಾಕ್ಕೆ ಮಹಡಿ ಹತ್ತಬೇಕು. ಮಂಡಿನೋವಿನವನು ಮಹಡಿ ಹೇಗೆ ಹತ್ತಬೇಕೆಂದು ಹೇಳುವ ರೂಮು ಮಾತ್ರ ಇನ್ನೂ ಸಿಕ್ಕಿಲ್ಲ.

ನಮ್ಮ ಕಾಲದಲ್ಲಿ ಇದೆಲ್ಲಕ್ಕೂ ಒಬ್ಬನೇ ಇದ್ದ ಸ್ವಾಮಿ! ಎಪ್ಪತ್ತರ ದಶಕದಲ್ಲಿ ಹುತ್ತೂರಿನ ಕಡೆಯ ನಮ್ಮ ಹಳ್ಳಿಗೆ ಮುನಿವೆಂಕಟಪ್ಪ ಎಂಬ ಮಲೇರಿಯಾದವನು ಬರುತ್ತಿದ್ದ. ಬೆರಳು ಚುಚ್ಚಿ ರಕ್ತ ತೆಗೆದು, ಕಹಿ ಮಾತ್ರೆ ಕೊಟ್ಟು, ಮಜ್ಜಿಗೆ ಕುಡಿದು ಹೋಗುತ್ತಿದ್ದ. ಎಲ್ಲರಿಗೂ ಬೇಕಾದವನು. ಆಮೇಲೆ ಸರ್ಕಾರಕ್ಕೆ ಅದೇನು ಜ್ಞಾನೋದಯವಾಯಿತೋ, ಒಂದೊಂದು ಕಾಯಿಲೆಗೆ ಒಬ್ಬೊಬ್ಬ ಯಾಕೆಂದು ಎಲ್ಲವನ್ನೂ ಅವನ ಹೆಗಲಿಗೇ ಹಾಕಿತು. ಜ್ವರವೂ ಅವನದೇ, ಮಕ್ಕಳ ಸೂಜಿಯೂ ಅವನದೇ, ಮಕ್ಕಳಾಗದಂತೆ ಗಂಡಸರನ್ನು ಆಪರೇಷನ್ನಿಗೆ ಹೊರಡಿಸುವುದೂ ಅವನದೇ. ಅಂದಿನಿಂದ ಅವನ ಸೈಕಲ್ ಬೆಲ್ ಕೇಳಿದರೆ ಸಾಕು, ಊರ ಗಂಡಸರೆಲ್ಲ ಹಿಪ್ಪುನೇರಳೆ ತೋಟದಲ್ಲಿ! ಮಜ್ಜಿಗೆ ಕೊಡಲು ಅಜ್ಜಿಯರು ಮಾತ್ರ ಉಳಿದರು.

ಆಗಲೇ ಚಿಕ್ಕಪ್ಪನಿಗೆ ಚಳಿಜ್ವರ ಹತ್ತಿತು. ಹೊಸದಾಗಿ ಮದುವೆಯಾಗಿದ್ದ, ಮಕ್ಕಳಿರಲಿಲ್ಲ. ಮಾತ್ರೆ ಬೇಕೆಂದರೆ ಮುನಿವೆಂಕಟಪ್ಪನೇ ಬರಬೇಕು. ಅವನು ಬಂದರೆ ವಂಶವೇ ಮುಗಿಯಿತೆಂದು ಇವನ ಭಯ. ಕಂಬಳಿ ಹೊದ್ದು ರೇಷ್ಮೆಹುಳದ ಮನೆ ಸೇರಿಕೊಂಡ. ಭಲೇ ಜಾಗ! ಸೊಳ್ಳೆಗೆಂದು ಮನೆಮನೆಗೆ ಹೊಡೆಯುವ ಡಿಡಿಟಿ ಬಟ್ಟೆಗೆ ಅಂಟಿರುತ್ತದೆ, ಅದಕ್ಕೆ ಹುಳ ಸಾಯುತ್ತವೆಂದು ಮಲೇರಿಯಾದವರನ್ನು ಯಾರೂ ಅಲ್ಲಿಗೆ ಬಿಡುತ್ತಿರಲಿಲ್ಲ. ಹುಳಗಳು ಸೊಪ್ಪು ಮೇಯುತ್ತಿದ್ದವು, ಇವನು ಹಲ್ಲು ಕಟಕಟಿಸುತ್ತಿದ್ದ. ಬರಬರುತ್ತಾ ಏನೇನೋ ಬಡಬಡಿಸತೊಡಗಿದ. ನಮಗೆಲ್ಲ ಜೀವವೇ ಹೋದಂತಾಯಿತು.

ಚಿಕ್ಕಮ್ಮ ರಸ್ತೆಯಲ್ಲಿ ಸೈಕಲ್ ತಡೆದು ಮುನಿವೆಂಕಟಪ್ಪನನ್ನು ಕರೆತಂದು ಬಾಗಿಲು ತೆಗೆದೇಬಿಟ್ಟಳು.

“ಹುಳ ಸಾಯ್ತಾವೆ ಕಣೇ!” ಅಜ್ಜಿ ಕೂಗಿದರು.

“ಸಾಯ್ಲಿ ಬಿಡಿ ಅತ್ತೆ!”

ಚಿಕ್ಕಪ್ಪ ಎರಡೂ ಕೈಯಲ್ಲಿ ಪಂಚೆ ಬಿಗಿಹಿಡಿದು ಮೂಲೆಗೆ ಸರಿದ. “ಬೇಡ, ನಂಗಿನ್ನೂ ಮಕ್ಕಳಾಗಿಲ್ಲ!”

“ನೀವೇ ಇಲ್ದಿದ್ರೆ ಮಕ್ಕಳು ಎಲ್ಲಿಂದ ಬರ್ತಾವೆ?” ಚಿಕ್ಕಮ್ಮ ಅಳುತ್ತಲೇ ಗದರಿದಳು.

“ಏಮಯ್ಯಾ, ಪಂಚೆ ಬಿಡು. ನಂಗೆ ಬೇಕಾಗಿರೋದು ನಿನ್ ಬೆರಳು ಕಣೋ!” ಎಂದ ಮುನಿವೆಂಕಟಪ್ಪ.

ಮಾತ್ರೆ ನುಂಗಿದ ಮೇಲೆ ಜ್ವರ ಇಳಿಯಿತು. ಹುಳಗಳೂ ಒಂದಷ್ಟು ಸತ್ತವು. ಮೊಮ್ಮಗು ಹುಟ್ಟುವವರೆಗೂ ಅಜ್ಜಿ ಅದನ್ನೇ ಎತ್ತಿ ಆಡಿದರು.

ಇಲ್ಲಿ ಆಸ್ಪತ್ರೆಯಲ್ಲಿ ಅಂತೂ ಇಂತೂ ಮಹಡಿ ಹತ್ತಿದೆವು. ಹರ್ನಿಯಾಕ್ಕೆ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಚಿಕ್ಕಪ್ಪ ಎದ್ದು ಓಡುತ್ತಾನೆಂದುಕೊಂಡೆ. ಅವನು, “ಅವಳ್ನ ಕೇಳಿ ಸಾರ್” ಎಂದು ಕೂತಲ್ಲಿಂದಲೇ ಚಿಕ್ಕಮ್ಮನತ್ತ ಕೈ ತೋರಿದ.

ಬೆಳಗಿನಿಂದ ಆಸ್ಪತ್ರೆಯನ್ನು ಎಷ್ಟು ಬೈದರೂ ನನಗೆ ಹೇಳಲಾಗದ್ದನ್ನು ಚಿಕ್ಕಮ್ಮ ಮೆಲ್ಲಗೆ ಹೇಳಿದಳು:

“ಮಾಡಿ ಸಾರ್. ಆದ್ರೆ ಮಂಡಿಯೋರು, ಕಣ್ಣಿನೋರು, ನೀವು, ಎಲ್ರೂ ಕೂತು ಮಾತಾಡ್ಕೊಂಡು ಮಾಡಿ. ರೂಮಿಗೊಂದು ಚೂರು ಅಂತ ಹಂಚ್ಕೋಬೇಡಿ. ನಂಗಿರೋದು ಒಬ್ರೇ ಗಂಡ.”